ರಾಯಾಪುರ ದಾಟುವಾಗ ಒರೆಸುತ್ತಿದ್ದ ವಿಭೂತಿ

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನಮ್ಮ ಕಡೆ ಹೆಸರು ಹೇಳಿದರೆ ಅಡ್ಡಹೆಸರು ಕೇಳುತ್ತಾರೆ. ಅಡ್ಡಹೆಸರು ತಿಳಿದರೆ ಜಾತಿ ತಿಳಿಯಿತು, ಜಾತಿ ತಿಳಿದ ಮೇಲೆ ಮುಂದಿನದನ್ನು ಯಾರೂ ಓದುವುದಿಲ್ಲ, ಎಲ್ಲ ಗೊತ್ತಾಯಿತು ಎಂದು ಹಾಳೆ ಮಗುಚುತ್ತಾರೆ. ಓಣಿಯವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ, ಇಲ್ಲಿಯೂ ಹಾಗೇ ಕರೆಯುತ್ತೇನೆ. ಅವರು ತೀರಿಕೊಂಡು ಎರಡು ತಿಂಗಳಾಯಿತು. ಅವರ ಬಗ್ಗೆ ಬರೆಯಬೇಕೆಂದು ಕೂತಾಗಲೆಲ್ಲ ದುಃಖಕ್ಕಿಂತ ಮೊದಲು ಸಿಟ್ಟು ಬರುತ್ತದೆ. ಬರಲಿ, ಸಿಟ್ಟಿನಲ್ಲೇ ಬರೆಯುತ್ತೇನೆ.

ನನ್ನದು ಧಾರವಾಡದಲ್ಲಿ, ಲಕಮನಹಳ್ಳಿ ಕಡೆ ಹೋಗುವ ರಸ್ತೆಯ ಮೇಲೆ ಒಂದು ಸಣ್ಣ ಪ್ರೆಸ್ಸು. ಲಗ್ನಪತ್ರಿಕೆ, ರಸೀದಿ ಪುಸ್ತಕ, ಕೋಚಿಂಗ್ ಕ್ಲಾಸುಗಳ ಜಾಹೀರಾತು, ಚುನಾವಣೆ ಬಂದರೆ ಕರಪತ್ರ. ಕಾಕಾ ನಮ್ಮ ವಾರ್ಡಿನಿಂದ ಎರಡು ಸಲ ಹುಬ್ಬಳ್ಳಿ-ಧಾರವಾಡ ಪಾಲಿಕೆಗೆ ಆರಿಸಿ ಹೋಗಿದ್ದವರು. ಮನೆತನದ್ದು ಹುಬ್ಬಳ್ಳಿಯಲ್ಲಿ ಹತ್ತಿಯ ವ್ಯಾಪಾರ. ಅಂಗಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟು ಇವರು ಧಾರವಾಡದಲ್ಲಿ ನೆಲೆನಿಂತಿದ್ದರು. ಬಿಳಿ ಧೋತರ, ಬಿಳಿ ಅಂಗಿ, ಬಗಲಲ್ಲಿ ಒಂದು ಖಾದಿ ಚೀಲ. ಚೀಲದೊಳಗೆ ವಾರ್ಡಿನ ಅರ್ಜಿಗಳು, ಗಟಾರಗಳ ಒಳಗೆ ಬಿಟ್ಟು ನೋಡಲು ಒಂದು ಟಾರ್ಚು, ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಒದ್ದೆ ಕರವಸ್ತ್ರ. ಆ ಒದ್ದೆ ಕರವಸ್ತ್ರದ ಸಲುವಾಗಿಯೇ ಇಷ್ಟೆಲ್ಲ ನಡೆದದ್ದು.

ಕಾಕಾ ದೈವಭಕ್ತರು. ಅರೆಬರೆ ಭಕ್ತರಲ್ಲ. ಬೆಳಿಗ್ಗೆ ಸ್ನಾನ ಮಾಡಿ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತರೆ ಒಂದು ತಾಸು ಏಳುತ್ತಿರಲಿಲ್ಲ. ಪೂಜೆ ಮುಗಿಯದೆ ಬಾಯಿಗೆ ಚಹಾ ಕೂಡ ಹಾಕುತ್ತಿರಲಿಲ್ಲ. ಎದ್ದು ಹೊರಗೆ ಬಂದಾಗ ಹಣೆಯ ಮೇಲೆ ಈ ತುದಿಯಿಂದ ಆ ತುದಿಗೆ ಮೂರು ಬೆರಳಿನ ವಿಭೂತಿ. ಆದರೆ ಪಾಲಿಕೆಯ ಸಭೆ ಇದ್ದ ದಿನ ಹುಬ್ಬಳ್ಳಿಯ ಬಸ್ಸು ಹತ್ತಿದರೆ, ಬಸ್ಸು ನಡುದಾರಿಯ ರಾಯಾಪುರ ದಾಟುವ ಹೊತ್ತಿಗೆ ಚೀಲಕ್ಕೆ ಕೈಹಾಕಿ ಆ ಕರವಸ್ತ್ರ ತೆಗೆದು ಹಣೆಯನ್ನು ಸ್ವಚ್ಛವಾಗಿ ಒರೆಸಿಕೊಳ್ಳುತ್ತಿದ್ದರು. ಕಿಟಕಿಯ ಗಾಜಿನಲ್ಲಿ ಒಮ್ಮೆ ನೋಡಿಕೊಂಡು, ಎಲ್ಲಾದರೂ ಗೆರೆ ಉಳಿದಿದ್ದರೆ ಇನ್ನೊಮ್ಮೆ ಒರೆಸಿಕೊಳ್ಳುತ್ತಿದ್ದರು.

ಒಂದು ಸಲ ಕಾಗದ ತರಲು ನಾನೂ ಹುಬ್ಬಳ್ಳಿಗೆ ಹೊರಟಿದ್ದೆ. ಅವರ ಪಕ್ಕದಲ್ಲೇ ಕೂತಿದ್ದೆ. ಅವರು ಒರೆಸಿಕೊಂಡದ್ದನ್ನು ನೋಡಿ ನನಗೆ ಕಸಿವಿಸಿಯಾಯಿತು.

"ಯಾಕ್ರಿ ಕಾಕಾ, ಒರಸಿಬಿಟ್ರಲ್ಲ?"

"ಸಭಾ ಐತಿ."

"ಸಭಾಕ್ಕ ವಿಭೂತಿ ಹಚ್ಚಗೊಂಡು ಹೋದ್ರ ಏನ್ ತ್ರಾಸ್ರಿ?"

"ನನಗೇನೂ ತ್ರಾಸ್ ಇಲ್ಲೋ ತಮ್ಮಾ. ಎದುರಿಗೆ ಕುಂತಾಂವಗ ಐತಿ. ನಾ ಏನರ ತಪ್ಪ ಮಾತಾಡಿದ್ರ ಅಂವ ಎದ್ದ ನಿಂತು, ಏ ಕಾಕಾ ನಿಂದು ತಪ್ಪು ಅನಬೇಕು. ನನ್ನ ಹಣಿ ನೋಡಿ ಹಿರ್ಯಾರು, ಪೂಜಿ ಮಾಡಾವರು, ಹ್ಯಾಂಗ ಅನ್ನೂದು ಅಂತ ಅಂವ ಸುಮ್ನ ಕುಂತ ಅಂತಂದ್ರ? ತಪ್ಪ ಹಂಗ ಉಳೀತು, ಗಟಾರ ಹಂಗ ತುಂಬಿ ಹರೀತು."

ಇಷ್ಟು ಹೇಳಿ ಕರವಸ್ತ್ರ ಮಡಚಿ ಒಳಗಿಟ್ಟುಕೊಂಡರು. ಹುಬ್ಬಳ್ಳಿಯ ಹೊಸೂರು ಬರುವ ಹೊತ್ತಿಗೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಅವರ ಗೊರಕೆಗೆ ಮುಂದಿನ ಸೀಟಿನವರು ತಿರುಗಿ ತಿರುಗಿ ನೋಡುತ್ತಿದ್ದರು.

ಈ ಒರೆಸುವ ಚಾಳಿ ಪಾಲಿಕೆಗೆ ಹೋದ ಮೇಲೆ ಶುರುವಾದದ್ದಲ್ಲವಂತೆ. ಮೊದಲು ವರ್ತಕರ ಸಂಘ, ಆಮೇಲೆ ಶಾಲೆಯ ಸಮಿತಿ, ನಾಲ್ಕು ಜನ ಕೂತು ವಾದ ಮಾಡುವ ಜಾಗ ಯಾವುದಿದ್ದರೂ ಹಣೆ ಖಾಲಿ. ಅವರ ಹೆಂಡತಿಗೆ, ನಾವೆಲ್ಲ ಕಾಕೂ ಅನ್ನುತ್ತೇವೆ, ಇದು ಎಳ್ಳಷ್ಟೂ ಸೇರುತ್ತಿರಲಿಲ್ಲ. "ಹಚ್ಚಿದ್ದು ಒರಸಬಾರದ್ರಿ. ಅದು ನೆಲಾ ಒರಸಿದಂಗಲ್ಲ" ಎಂದು ಸಭೆ ಇದ್ದ ದಿನ ತಪ್ಪದೆ ಜಗಳ ತೆಗೆಯುತ್ತಿದ್ದರು. ಮನೆಯ ಬಟ್ಟೆಯನ್ನೆಲ್ಲ ಒಗೆಯುತ್ತಿದ್ದ ಕಾಕೂ ಆ ಒಂದು ಕರವಸ್ತ್ರವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದನ್ನು ಕಾಕಾ ತಾವೇ ನಳದ ಕೆಳಗೆ ಒಗೆದು, ತಾವೇ ಒಣಹಾಕಿ, ತಾವೇ ಮತ್ತೆ ತೋಯಿಸಿಕೊಂಡು ಹೋಗಬೇಕು. ನಾನು ಅವರ ಮನೆಗೆ ಹೋದಾಗೆಲ್ಲ ತಂತಿಯ ಮೇಲೆ ಅದೊಂದು ಎಲ್ಲ ಬಟ್ಟೆಗಳಿಂದ ದೂರ ಒಣಗುತ್ತಿರುತ್ತಿತ್ತು.

ಅವರ ವಾದದ ವೈಖರಿಯನ್ನು ನಾನು ಕಣ್ಣಾರೆ ನೋಡಿದ್ದು ನೀರಿನ ಟಾಕಿಯ ಗಲಾಟೆಯಲ್ಲಿ. ನಮ್ಮ ವಾರ್ಡು ಮತ್ತು ಪಕ್ಕದ ವಾರ್ಡಿಗೆ ಸೇರಿ ಒಂದು ಎತ್ತರದ ಟಾಕಿ ಆಗಬೇಕಾಗಿತ್ತು. ನಳದಲ್ಲಿ ನೀರು ಯಾವಾಗ ಬರುತ್ತದೆಂದು ಕೊಡ ಹಿಡಿದು ಕಾಯುವವರಿಗೆ ಇದೆಂಥ ಮಾತೆಂದು ಗೊತ್ತು. ನಾವು ಓಣಿಯ ಹತ್ತು ಮಂದಿ ಹಿಂದಿನ ಸಾಲಿನಲ್ಲಿ ಕೂತು ಸಭೆ ನೋಡುತ್ತಿದ್ದೆವು. ಪಕ್ಕದ ವಾರ್ಡಿನ ಸದಸ್ಯ, ಆಗಿನ್ನೂ ಹೊಸಬ, ಎದ್ದು ನಿಂತವನೇ ಕೈಮುಗಿದು, ಕಣ್ಣುಮುಚ್ಚಿ, ಶ್ಲೋಕ ಹೇಳಿದ. ಹೇಳಿ, ಟಾಕಿ ತನ್ನ ವಾರ್ಡಿನ ದೇವಸ್ಥಾನದ ಪಕ್ಕದಲ್ಲೇ ಆಗಬೇಕು, ದೇವರ ಸನ್ನಿಧಿಯಿಂದ ಬಂದ ನೀರು ಮನೆಮನೆಗೆ ತೀರ್ಥವಾಗಿ ಹೋಗಬೇಕು, ಇದು ತನ್ನ ಶ್ರದ್ಧೆ, ಇದನ್ನು ವಿರೋಧಿಸುವ ಧರ್ಮದ್ರೋಹಿ ಯಾರಿದ್ದಾರೋ ಎದ್ದು ನಿಲ್ಲಲಿ ಎಂದ.

ಯಾರೂ ಏಳಲಿಲ್ಲ. ಆ ಗುಡಿ ಇರುವುದು ತಗ್ಗಿನಲ್ಲಿ ಎಂದು ಅಲ್ಲಿ ಕೂತ ಅರ್ಧ ಜನರಿಗೆ ಗೊತ್ತಿತ್ತು. ಅಲ್ಲಿ ಟಾಕಿ ಕಟ್ಟಿದರೆ ಏರಿನ ಮೇಲಿನ ಓಣಿಗಳಿಗೆ ಒಂದು ಹನಿಯೂ ಏರುವುದಿಲ್ಲ ಎಂದು ಇಂಜಿನಿಯರರಿಗಂತೂ ಚೆನ್ನಾಗಿಯೇ ಗೊತ್ತಿತ್ತು. ಅವರು ತಮ್ಮ ಕಡತದ ದಾರ ಬಿಚ್ಚಿ ಕಟ್ಟುತ್ತ ಕೂತಿದ್ದರು. ನೋಡಿ, ನನಗೆ ಮೈ ಉರಿಯುವುದು ಇಂಥದ್ದಕ್ಕೆ. ಶ್ರದ್ಧೆ ನಿನ್ನದು, ಇರಲಿ, ಬೇಡ ಎಂದವರಾರು? ಆದರೆ ಅದನ್ನು ತಂದು ಚರ್ಚೆಯ ನಡುವೆ ಇಟ್ಟು, ಈಗ ಯಾರು ಮಾತಾಡುತ್ತೀರೋ ಮಾತಾಡಿ ಎಂದು ಹೆದರಿಸುವುದು ಯಾವ ಶ್ರದ್ಧೆ? ಏರಿನ ಮೇಲಿನ ಹೆಂಗಸರು ಇನ್ನೂ ಹತ್ತು ವರ್ಷ ಕೊಡ ಹೊರಬೇಕು, ಇವನು ಮಾತ್ರ ಭಕ್ತ ಅನ್ನಿಸಿಕೊಳ್ಳಬೇಕು.

ಕಾಕಾ ಎದ್ದರು. "ಮೇಯರ್ ಸಾಹೇಬ್ರ, ಆ ಗುಡಿಗೆ ನಾನೂ ಹೋಗಾಂವ. ಅಲ್ಲಿ ಏನ್ ಬೇಡ್ಕೋತೇನಿ ಅನ್ನೂದು ನನ್ನ ಮತ್ತ ದೇವರ ನಡುವಿನ ಮಾತು. ಇಲ್ಲಿ ಒಂದ ಪ್ರಶ್ನಿ ಐತಿ. ಇಂಜಿನಿಯರ್ ಸಾಹೇಬ್ರ, ಆ ತಗ್ಗಿನಿಂದ ಏರಿಗೆ ನೀರು ತಾನ ಹತ್ತತದೇನ್ರಿ?"

ಇಂಜಿನಿಯರು ಗಂಟಲು ಸರಿಮಾಡಿಕೊಂಡು, "ಇಲ್ರಿ" ಎಂದರು.

"ಸಾಕ್ರಿ" ಎಂದು ಕಾಕಾ ಕೂತುಬಿಟ್ಟರು. ಒಬ್ಬರು ಬಾಯಿ ತೆರೆದ ಮೇಲೆ ಉಳಿದವರಿಗೂ ಬಾಯಿ ಬಂತು. ಟಾಕಿ ಏರಿನ ಮೇಲೆ, ಶಾಲೆಯ ಹಿಂದೆ ಆಯಿತು. ಸಭೆ ಮುಗಿದು ಹೊರಗೆ ಬಂದಾಗ ಆ ಹೊಸ ಸದಸ್ಯ ಮೆಟ್ಟಿಲ ಮೇಲೆ ಕಾಕಾನನ್ನು ತಡೆದು, ನಗುತ್ತಲೇ, "ಖಾಲಿ ಹಣಿ ಇಟ್ಕೊಂಡು ಬಂದು ಭಾಳ ಮಾತಾಡ್ತೀರಿ ಕಾಕಾ. ಈ ಹಣಿ ಒಂದಿನ ಮಂದಿಗೆ ತೋರಸಬೇಕಾಗ್ತದ" ಎಂದ. ಅದು ಬೆದರಿಕೆ ಎಂದು ನನಗೆ ಆಗ ತಿಳಿಯಲಿಲ್ಲ. ಕಾಕಾ ನನ್ನನ್ನು ಗಿರಮಿಟ್ಟಿನ ಅಂಗಡಿಗೆ ಕರೆದುಕೊಂಡು ಹೋಗಿ, ಡಾಕ್ಟರು ಬೇಡವೆಂದಿದ್ದ ಮಿರ್ಚಿ ಭಜಿ ನಾಲ್ಕು ತಿಂದು, "ನಿಮ್ಮ ಕಾಕೂಗ ಹೇಳಬ್ಯಾಡ ಮತ್ತ" ಎಂದರು.

ಅವರು ಒಂದೇ ಕಡೆಯವರಿಗೆ ಹೀಗೆ ಹೇಳುತ್ತಿದ್ದರು ಎಂದುಕೊಳ್ಳಬೇಡಿ. ಒಮ್ಮೆ ಮಸೀದಿಯ ಓಣಿಯ ಹಿರಿಯರು ಬೀದಿ ದೀಪಕ್ಕೆ ಅರ್ಜಿ ತಂದಿದ್ದರು. ರಂಜಾನ್ ತಿಂಗಳು ಬರುತ್ತಿದೆ, ಆದ್ದರಿಂದ ದೀಪ ಬೇಕು ಎಂದು ಬರೆದಿತ್ತು. ಅದೇ ವಾರ ಗಣಪತಿ ಮಂಡಳಿಯವರೂ ತಮ್ಮ ಗಣಪತಿಯ ಸಲುವಾಗಿ ದೀಪ ಕೇಳಿ ಬಂದಿದ್ದರು. ಕಾಕಾ ಇಬ್ಬರಿಗೂ ಅರ್ಜಿ ತಿರುಗಿ ಕೊಟ್ಟರು. "ಹಬ್ಬ ಮುಗದ ಮ್ಯಾಲ ನಿಮಗ ಕಣ್ಣ ಕಾಣಸ್ತದೇನು? ಓಣ್ಯಾಗ ಕತ್ತಲಿ ಐತಿ ಅಂತ ಬರೀರಿ, ಸಾಕು." ಇಬ್ಬರಿಗೂ ಸಿಟ್ಟು ಬಂತು. ಇಬ್ಬರಿಗೂ ದೀಪವೂ ಬಂತು.

ಆದರೆ ಅವರೇ ಸೋತು ಒಪ್ಪಿಕೊಂಡ ಒಂದು ದಿನವನ್ನೂ ನಾನು ಕಂಡಿದ್ದೇನೆ. ಅದನ್ನು ಬಿಟ್ಟರೆ ಕಾಕಾನ ಚಿತ್ರ ಸುಳ್ಳಾಗುತ್ತದೆ. ನಮ್ಮ ಓಣಿಯಲ್ಲಿ ಒಬ್ಬ ಶಿಕ್ಷಕಿ ಇದ್ದಾರೆ, ಸರ್ಕಾರಿ ಶಾಲೆಯಲ್ಲಿ ದುಡಿದು ನಿವೃತ್ತರಾದವರು. ಅವರ ಅಜ್ಜನ ಕಾಲಕ್ಕೆ ಮನೆಯವರೆಲ್ಲ ಬೌದ್ಧರಾದವರು. ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವ ಹಾಗೆ ಎಲ್ಲರೂ ಅವರನ್ನು ಬಾಯಾರು ಎನ್ನುತ್ತಾರೆ. ನನ್ನ ಪ್ರೆಸ್ಸಿನಲ್ಲಿ ಕೂತು ಕಾಕಾ ತಮ್ಮ ಕರವಸ್ತ್ರದ ತತ್ವವನ್ನು ಒಂದಿಷ್ಟು ಜಂಬದಿಂದಲೇ ಹೇಳುತ್ತಿದ್ದಾಗ ಬಾಯಾರು ಯಾವುದೋ ಕರಡು ತಿದ್ದುತ್ತಿದ್ದವರು ಪೆನ್ನು ಕೆಳಗಿಟ್ಟರು.

"ಕಾಕಾ, ನೀವು ಒರಸಿಕೊಂಡ್ರೂ ನಿಮಗ ಮುಂದಿನ ಕುರ್ಚಿ ತಪ್ಪೂದಿಲ್ರಿ. ಒರಸಾಕ ನಿಮ್ಮ ಹಂತೇಕ ಏನರ ಐತಿ. ನಮ್ಮಜ್ಜ ನಾಲ್ಕ ಮಂದಿ ಎದುರಿಗೆ ನಿಂತು, ಇವತ್ತಿನಿಂದ ನನ್ನ ಧರ್ಮ ಇದು ಅಂತ ದೊಡ್ಡ ದನೀಲೆ ಹೇಳಿದ್ದಕ್ಕ ನಾ ಸಾಲಿ ಕಲತೇನಿ. ಅಂವ ಮನ್ಯಾಗ ಸುಮ್ನ ಇಟ್ಕೊಂಡಿದ್ರ ನಾ ಎಲ್ಲಿರ್ತಿದ್ನಿ?"

ಕಾಕಾ ಸಿಟ್ಟಿನ ಮನುಷ್ಯ. ತಮ್ಮ ಮೇಲೆ ಯಾರಾದರೂ ತಮಾಷೆ ಮಾಡಿದರೂ ನಾಲ್ಕು ದಿನ ಮುಖ ಗಂಟು ಹಾಕುವವರು. ಈಗ ಜಗಳ ಹತ್ತಿತು ಎಂದುಕೊಂಡೆ. ಆದರೆ ಅವರು, "ಖರೇ ಐತ್ರಿ ಬಾಯಾರ. ನಿಮ್ಮಜ್ಜ ತನ್ನ ಮ್ಯಾಲ ಕುಂತಾವರನ್ನ ಇಳಸಾಕ ಹೇಳಿದ್ರು. ಇವರು ಮಂದಿ ಮ್ಯಾಲ ಕುಂಡ್ರಾಕ ಹೇಳ್ತಾರ. ಎರಡೂ ಒಂದ ಅಲ್ಲ. ಒರಸೂದು ನಾ ನನಗ ಹಾಕ್ಕೊಂಡ ಕಟ್ಟು, ನಿಮಗಲ್ಲ" ಎಂದರು. ಅವತ್ತಿನಿಂದ ತಮ್ಮ ಕರವಸ್ತ್ರದ ಬಗ್ಗೆ ತಾವಾಗಿ ಯಾರಿಗೂ ಉಪದೇಶ ಮಾಡಲಿಲ್ಲ.

ಮೂರನೆಯ ಚುನಾವಣೆ ಬಂತು. ವಾರ್ಡುಗಳ ಗಡಿ ಬದಲಾಗಿ ಆ ಮೆಟ್ಟಿಲ ಮೇಲೆ ನಕ್ಕಿದ್ದ ಸದಸ್ಯನೇ ಕಾಕಾನ ಎದುರು ನಿಂತ. ಪ್ರಚಾರ ಶುರುವಾಗಿ ವಾರವಾಗಿರಲಿಲ್ಲ, ಓಣಿಯ ಪ್ರತಿಯೊಬ್ಬರ ಮೊಬೈಲಿಗೂ ಒಂದು ಫೋಟೋ ಬಂತು. ಬಸ್ಸಿನ ಕಿಟಕಿಯ ಪಕ್ಕ ಕೂತ ಕಾಕಾ, ಕೈಯಲ್ಲಿ ಕರವಸ್ತ್ರ, ಹಣೆಯ ಅರ್ಧ ಭಾಗ ವಿಭೂತಿ, ಅರ್ಧ ಖಾಲಿ. ಕೆಳಗೆ ದೊಡ್ಡ ಅಕ್ಷರದಲ್ಲಿ, 'ದೇವರ ಪ್ರಸಾದವನ್ನೇ ಒರೆಸಿ ಎಸೆಯುವ ಇವರು ನಮ್ಮನ್ನು ಉಳಿಸುತ್ತಾರಾ?' ಎಂದು ಬರೆದಿತ್ತು. ಆಚೆ ಸಾಲಿನ ಸೀಟಿನಲ್ಲಿ ಕೂತು ತೆಗೆದವರು ಯಾರೋ, ಇವತ್ತಿಗೂ ಗೊತ್ತಿಲ್ಲ. ಕಾಕಾನ ಮನೆಯ ಮುಂದೆ ಹಾಯುವಾಗ ಜನ ದನಿ ತಗ್ಗಿಸತೊಡಗಿದರು. ಟಾಕಿಯ ನೀರು ಕುಡಿಯುವ ಏರಿನ ಓಣಿಯಲ್ಲೇ ಒಬ್ಬಾಕೆ, "ಅಂಥಾವರು ಅಂತ ನಂಗ ತಿಳದಿರಲಿಲ್ಲ ಬಿಡವಾ" ಎಂದದ್ದನ್ನು ನನ್ನ ಕಿವಿಯಿಂದಲೇ ಕೇಳಿದೆ.

ನನ್ನ ಹತ್ತಿರ ಇನ್ನೊಂದು ಫೋಟೋ ಇತ್ತು. ಹಿಂದೊಮ್ಮೆ ಅಚ್ಚಿನ ಕರಡಿಗೆ ಸಹಿ ಮಾಡಿಸಲು ಬೆಳಿಗ್ಗೆ ಅವರ ಮನೆಗೆ ಹೋದಾಗ ಅವರು ಪೂಜೆಗೆ ಕೂತಿದ್ದರು. ಅಂಗೈಯಲ್ಲಿ ಲಿಂಗ, ಮುಚ್ಚಿದ ಕಣ್ಣು, ಹಣೆಯ ತುಂಬ ವಿಭೂತಿ. ಎಷ್ಟು ಶಾಂತವಾಗಿ ಕಂಡರೆಂದರೆ ಬಾಗಿಲಲ್ಲೇ ನಿಂತು ಮೊಬೈಲಿನಲ್ಲಿ ತೆಗೆದುಕೊಂಡಿದ್ದೆ. ಅವರಿಗೆ ಹೇಳಿರಲಿಲ್ಲ. ಈಗ ಆ ಫೋಟೋ ನೆನಪಾಯಿತು. ಕೇಳಿದರೆ ಬೇಡ ಎನ್ನುತ್ತಾರೆಂದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಬಾಗಿಲು ಹಾಕಿಕೊಂಡು ನಾನೇ ಕರಪತ್ರ ಮಾಡಿದೆ. ಮೇಲೆ ಆ ಫೋಟೋ, ಕೆಳಗೆ 'ನಿಜವಾದ ಭಕ್ತ ಯಾರು, ನೀವೇ ನೋಡಿ.' ಕಟ್ಟುಕಟ್ಟಾಗಿ ಅಚ್ಚು ಹಾಕಿ, ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಹಂಚುವುದಕ್ಕೆ ಮೊದಲೇ ಕಾಕಾ ಪ್ರೆಸ್ಸಿಗೆ ಬಂದರು. ಅವರಿಗೆ ಯಾರು ಹೇಳಿದರೋ. ಒಂದು ಪ್ರತಿ ಎತ್ತಿಕೊಂಡು ಕನ್ನಡಕ ಹಾಕಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇದನ್ನ ಯಾವಾಗ ತಗದಿ?"

ಹೇಳಿದೆ.

"ನಾ ಕಣ್ಣ ಮುಚ್ಚಿದ್ನಲ್ಲ, ನಿನಗ ನಾಚಿಕಿ ಬರಲಿಲ್ಲೇನು?"

"ಕಾಕಾ, ಅವರು ಸುಳ್ಳ ಹೇಳಾಕತ್ತಾರಿ. ಇದು ಖರೇ ಐತಿ. ಖರೇದ್ದು ತೋರಸಿದ್ರ ಏನ್ ತಪ್ಪರಿ?"

"ಅಂವ ನನ್ನ ಹಣಿ ತೋರಿಸಿ ಓಟ್ ಕೇಳಾಕತ್ತಾನ. ನೀನೂ ಅದ ಹಣಿ ತೋರಿಸಿ ಕೇಳಾಕತ್ತೀ. ಇಬ್ಬರ ನಡುವ ಗಟಾರ ಎಲ್ಲಿ ಹೋತು, ನೀರು ಎಲ್ಲಿ ಹೋತು? ಇದನ್ನ ಹಂಚಿ ನಾ ಗೆದ್ನಿ ಅಂತಂದ್ರ ನಾಳಿ ಅಂವ ಶ್ಲೋಕಾ ಹೇಳಾಕ ಎದ್ದಾಗ ಯಾವ ಬಾಯೀಲೆ ಬ್ಯಾಡ ಅನ್ಲಿ?" ಕಟಿಂಗ್ ಮಷೀನಿನ ಕಡೆ ಕೈ ಮಾಡಿದರು. "ಕತ್ತರಿಸು."

ಕತ್ತರಿಸಿದೆ. ಅವರು ಪಕ್ಕದಲ್ಲೇ ನಿಂತಿದ್ದರು. ಮುಖ ಗುರುತು ಸಿಗಬಾರದೆಂದು ಒಂದೊಂದು ಹಾಳೆ ಎಂಟು ತುಂಡಾಗುವಂತೆ ಕತ್ತರಿಸಿದೆ. "ಹಿಂದಿನ ಬದಿ ಕೋರಾ ಐತಿ, ಲೆಕ್ಕಾ ಪಕ್ಕಾ ಬರಿಯಾಕ ಇಟ್ಕೋ" ಎಂದು ಹೇಳಿ ಹೋದವರು ಚುನಾವಣೆ ಮುಗಿಯುವವರೆಗೆ ನನ್ನ ಜೊತೆ ಮಾತಾಡಲಿಲ್ಲ. ಸೋತರು. ನಾನು ಅವರ ಮನೆಗೆ ಹೋಗಲು ಹೆದರಿ ಕೂತಿದ್ದರೆ, ಫಲಿತಾಂಶದ ಮರುದಿನ ಬೆಳಿಗ್ಗೆ ಅವರೇ ಟಾರ್ಚು ಹಿಡಿದು ಪ್ರೆಸ್ಸಿನ ಮುಂದಿನ ಗಟಾರ ಇಣುಕುತ್ತಿದ್ದರು. "ಸದಸ್ಯ ಅಲ್ಲ ಅಂದ್ರ ನಾತ ಬರೂದಿಲ್ಲೇನೋ?" ಎಂದು ನನ್ನನ್ನೇ ಕೇಳಿದರು. ಆ ಚೀಟಿಗಳು ಇನ್ನೂ ನನ್ನ ಟೇಬಲ್ಲಿನ ಮೇಲಿವೆ. ಯಾವುದಾದರೂ ನಂಬರು ಬರೆದುಕೊಳ್ಳಲು ಒಂದನ್ನು ಎತ್ತಿದರೆ ಹಿಂದೆ ಒಂದು ಬೆರಳೋ ಕಿವಿಯ ತುದಿಯೋ ಕಾಣುತ್ತದೆ.

ಆಮೇಲೆ ಕಾಕಾ ಐದಾರು ವರ್ಷ ಬದುಕಿದ್ದರು. ಗೆದ್ದವನು ಮೇಲೆ ಮೇಲೆ ಹೋಗಿ ಮುಖಂಡನಾದ. ಈಗ ಅವನ ಹೆಸರಿನ ಹಿಂದೆ ಮುಂದೆ ಬಿರುದುಗಳಿವೆ. ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ಪೂಜೆ ಮುಗಿಸಿ ಎದ್ದ ಕಾಕಾ ಚಹಾ ಬರುವುದಕ್ಕೆ ಮೊದಲೇ ಹೋಗಿಬಿಟ್ಟರು. ಮಣ್ಣು ಮಾಡಲು ಒಯ್ಯುವ ಮೊದಲು ಕಾಕೂ ತಮ್ಮ ಕೈಯಿಂದಲೇ ಅವರ ಹಣೆಗೆ ವಿಭೂತಿ ಹಚ್ಚಿದರು, ಅಳುತ್ತಲೇ, "ಇವತ್ತೊಂದಿನ ಒರಸೂದಿಲ್ಲ ನೋಡ್ರಿ" ಎಂದರು.

ವಾರದೊಳಗೆ ಮುಖಂಡರ ಕಡೆಯವರು ನನ್ನ ಪ್ರೆಸ್ಸಿಗೆ ಬಂದರು. ಸಮುದಾಯ ಭವನದಲ್ಲಿ ದೊಡ್ಡ ಶ್ರದ್ಧಾಂಜಲಿ ಸಭೆ, ಸಾಹೇಬರೇ ಮಾಡಿಸುತ್ತಿದ್ದಾರೆ, ಮುಂದೆ ಚುನಾವಣೆಯೂ ಇದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. "ಪೂಜಿಗೆ ಕುಂತ ಫೋಟೋ ನಿಮ್ಮ ಹಂತೇಕ ಐತಂತಲ್ಲ, ಅದನ್ನ ಕೊಡ್ರಿ" ಎಂದರು. ನನ್ನ ತಲೆ ಕೆಟ್ಟುಹೋಯಿತು. ಬದುಕಿದ್ದಾಗ ಹಣೆ ಒರೆಸಿಕೊಂಡ ದ್ರೋಹಿ, ಸತ್ತ ಮೇಲೆ ನಿಮ್ಮ ವೇದಿಕೆಗೆ ಭಕ್ತ! ಆ ಫೋಟೋ ಇಲ್ಲ ಎಂದೆ. ಬೇರೆ ಒಂದು ಕೊಟ್ಟೆ. ಒಂದು ಸಭೆಯಿಂದ ನೇರ ಬಂದವರು ಮನೆಗೂ ಹೋಗದೆ ಧೋತರ ಎತ್ತಿಕಟ್ಟಿ ಗಟಾರದ ಪಕ್ಕ ನಿಂತದ್ದು. ಕೈಯಲ್ಲಿ ಟಾರ್ಚು, ಖಾಲಿ ಹಣೆ, ಹಣೆಯ ಮೇಲೆ ಬೆವರು. ಕಾಕಾ ಅಂದರೆ ನನಗೆ ಅದೇ.

ಸಭೆಯ ದಿನ ಭವನದೊಳಗೆ ಕಾಲಿಟ್ಟವನು ಬಾಗಿಲಲ್ಲೇ ನಿಂತುಬಿಟ್ಟೆ. ವೇದಿಕೆಯ ಹಿಂದೆ ಗೋಡೆಯಷ್ಟಗಲದ ಫ್ಲೆಕ್ಸು. ಒಂದು ತುದಿಗೆ ಕೈಮುಗಿದ ಮುಖಂಡ, ನಡುವೆ ಕಾಕಾ. ನಾನು ಕೊಟ್ಟ ಫೋಟೋವೇ. ಕೆಳಗಿನ ಗಟಾರ ಮತ್ತು ಟಾರ್ಚನ್ನು ಕತ್ತರಿಸಿ ಹಾಕಿದ್ದರು. ಬೆವರಿದ್ದ ಆ ಖಾಲಿ ಹಣೆಯ ಮೇಲೆ ಕಂಪ್ಯೂಟರಿನಲ್ಲಿ ಮೂರು ದಪ್ಪ ಬಿಳಿ ಪಟ್ಟೆ ಎಳೆದಿದ್ದರು. ಗೆರೆಗಳು ಎಷ್ಟು ನೇರವಾಗಿದ್ದವೆಂದರೆ ಯಾವ ಮನುಷ್ಯನ ಬೆರಳೂ ಹಾಗೆ ಎಳೆಯಲಾರದು. ಪ್ರೆಸ್ಸಿನವನಾದ ನನಗೆ ಅದು ಎರಡು ನಿಮಿಷದ ಕೆಲಸ ಎಂದು ಗೊತ್ತು. ಒಬ್ಬ ಮನುಷ್ಯ ಆಯುಷ್ಯವಿಡೀ ಹೆಂಡತಿಯ ಜೊತೆ ಜಗಳಾಡಿ, ಚುನಾವಣೆ ಸೋತು, ಉಳಿಸಿಕೊಂಡು ಬಂದದ್ದನ್ನು ಎರಡು ನಿಮಿಷದಲ್ಲಿ ಮುಗಿಸಿದ್ದರು.

ಮುಖಂಡ ಮಾತಾಡಿದ. ಶುರುವಿಗೆ ಅದೇ ಕಣ್ಣುಮುಚ್ಚಿದ ಶ್ಲೋಕ. ಕಾಕಾ ಧರ್ಮದ ಕಾವಲುಗಾರರಾಗಿದ್ದರು, ವಿಭೂತಿಯಿಲ್ಲದೆ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ, ಇಂಥವರ ಹಾದಿಯಲ್ಲಿ ನಡೆಯುವವರಿಗೇ ನಾವು ಊರನ್ನು ಒಪ್ಪಿಸಬೇಕು ಎಂದ. ನೀರಿನ ಟಾಕಿಯ ಮಾತು ಬರಲಿಲ್ಲ. ಬಾಯಾರು ನನ್ನ ಪಕ್ಕದಲ್ಲಿ ಕೂತಿದ್ದರು. "ಏಳೋ, ಏನರ ಅನ್ನು. ನಿನಗ ಎಲ್ಲಾ ಗೊತ್ತೈತಿ" ಎಂದು ಮೊಣಕೈಯಿಂದ ತಿವಿದರು. ನಾನು ಏಳಲಿಲ್ಲ. ಈ ಊರಲ್ಲಿ ಪ್ರೆಸ್ಸು ನಡೆಸಬೇಕಾದವನು ಎಂದು ಮನಸ್ಸು ಹೇಳಿತು. ಟಾಕಿಯ ಸಭೆಯಲ್ಲಿ ಕಡತದ ದಾರ ಬಿಚ್ಚಿ ಕಟ್ಟುತ್ತಿದ್ದ ಇಂಜಿನಿಯರರನ್ನು ನಾನು ಎಷ್ಟು ಸಲ ಬೈದಿಲ್ಲ! ಈಗ ನಾನೂ ಅಂಗಿಯ ಗುಂಡಿ ತಿರುವುತ್ತ ಕೂತಿದ್ದೆ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಎದ್ದವರು ಕಾಕೂ. ಮೊದಲ ಸಾಲಿನಿಂದ ಎದ್ದು ಒಂದು ಕೈಯಿಂದ ಮೆಟ್ಟಿಲಿನ ಕಂಬಿ ಹಿಡಿದುಕೊಂಡು ವೇದಿಕೆ ಹತ್ತಿದರು. ಮೈಕಿನ ಕಡೆ ಹೋಗಲಿಲ್ಲ. ಫ್ಲೆಕ್ಸಿನ ಮುಂದೆ ನಿಂತು ನೋಡಿದರು.

"ಇವರು ಯಾರ್ರಿ?"

ಮುಖಂಡ ಗಡಿಬಿಡಿಯಿಂದ ಹತ್ತಿರ ಬಂದ. "ಅವ್ವಾರ, ನಮ್ಮ ಕಾಕಾರು..."

"ನಿಮ್ಮ ಸಭಾಕ್ಕ ನಮ್ಮನಿಯವರು ಹಿಂಗ ಎಂದ ಬಂದಿದ್ರು?"

ಅವನು ತನ್ನ ಕಡೆಯವರತ್ತ ತಿರುಗಿ ನೋಡಿದ.

"ಲಗ್ನಾದಾಗಿನಿಂದ ನಾ ಇವರ ಕೂಡ ಜಗಳಾಡೀನಿ. ಹಚ್ಚಿದ್ದು ಒರಸಬ್ಯಾಡ್ರಿ ಅಂತ ಅತ್ತೀನಿ, ಊಟಾ ಬಿಟ್ಟೀನಿ. ಕೇಳಲಿಲ್ಲ. ಕಟ್ಕೊಂಡ ಹೇಣ್ತಿ ನಾ, ನಾ ಗೆಲ್ಲಲಿಲ್ಲ. ಈಗ ಅವರು ಬಾಯಿ ತಗಿಯೂದಿಲ್ಲಂತ ನೀವು ಗೆಲ್ಲಾಕ ಬಂದೀರೇನು?"

"ಅವ್ವಾರ, ಸಿಟ್ಟಾಗಬ್ಯಾಡ್ರಿ. ವಿಭೂತಿ ಅಂದ್ರ ನಮ್ಮ ಹೆಮ್ಮಿ..."

"ಹೆಮ್ಮಿ ಇದ್ರ ನಿಮ್ಮ ಹಣಿಗೆ ಹಚ್ಚಗೋರಿ. ಮಂದಿ ಹಣಿ ಯಾಕ ಬೇಕು ನಿಮಗ?"

ಮೇಜಿನ ಮೇಲೆ ಅತಿಥಿಗಳಿಗೆಂದು ನೀರಿಟ್ಟಿದ್ದರು. ಕಾಕೂ ಒಂದು ಗ್ಲಾಸು ಎತ್ತಿಕೊಂಡು ಸೀರೆಯ ಸೆರಗಿನ ತುದಿಯನ್ನು ಅದರಲ್ಲಿ ಅದ್ದಿದರು. ಇಷ್ಟು ವರ್ಷ ಆ ಕರವಸ್ತ್ರವನ್ನು ಮುಟ್ಟದಿದ್ದ ಕೈ. ಕಾಲ್ಬೆರಳ ಮೇಲೆ ನಿಂತು, ಎಟಕಿಸಿಕೊಂಡು, ಗಂಡನ ಹಣೆಯನ್ನು ಒರೆಸಿದರು. ಮತ್ತೆ ಒರೆಸಿದರು. ಪಟ್ಟೆಗಳು ಹೋಗಲಿಲ್ಲ. ತಿರುಗಿ ಸಭೆಯಲ್ಲಿ ನನ್ನನ್ನು ಹುಡುಕಿದರು.

"ಏ ಪ್ರೆಸ್ಸಿನಾಂವಾ, ಬಾ ಇಲ್ಲೆ. ಇದು ಹ್ಯಾಂಗ ಹೋಗ್ತದ?"

ಎದ್ದು ಹೋದೆ. "ಹೋಗೂದಿಲ್ರಿ ಕಾಕೂ. ಅಚ್ಚಾದದ್ದು ಹೋಗೂದಿಲ್ಲ."

"ಹಂಗಾರ ಕತ್ತರಿಸು."

ಕಾಗದ ಕತ್ತರಿಸುವ ಬ್ಲೇಡು ನನ್ನ ಅಂಗಿಯ ಜೇಬಿನಲ್ಲಿ ಯಾವಾಗಲೂ ಇರುತ್ತದೆ. ಮುಖಂಡನ ಕಡೆಯವರು ಇಬ್ಬರು ಮುಂದೆ ಬಂದರು. ಅಷ್ಟರಲ್ಲಿ ಬಾಯಾರು ಮೆಟ್ಟಿಲ ಹತ್ತಿರ ಬಂದು ನಿಂತಿದ್ದರು, ಅವರ ಹಿಂದೆ ಏರಿನ ಓಣಿಯ ನಾಲ್ಕೈದು ಹೆಂಗಸರು. ಬಂದವರು ಹಿಂದೆ ಸರಿದರು. ನಾನು ಫ್ಲೆಕ್ಸಿನ ನಾಲ್ಕು ಮೂಲೆಯ ಹಗ್ಗಗಳನ್ನು ಒಂದೊಂದಾಗಿ ಕತ್ತರಿಸಿದೆ. ಅದು ಸರಸರನೆ ಇಳಿದು ವೇದಿಕೆಯ ಮೇಲೆ ಬೋರಲಾಗಿ ಬಿತ್ತು. ಹಿಂದಿನ ಬದಿ ಕೋರಾ ಇತ್ತು.

ಕಾಕೂ ಒದ್ದೆ ಸೆರಗನ್ನು ಹಿಂಡಿಕೊಂಡು, ಇಳಿದು ಬಂದು ತಮ್ಮ ಕುರ್ಚಿಯಲ್ಲಿ ಕೂತರು. ಮೈಕು ಹಿಡಿದು ಇನ್ನೂ ನಿಂತೇ ಇದ್ದ ಮುಖಂಡನನ್ನು ನೋಡಿದರು.

"ಹೂಂ, ಈಗ ಮಾತಾಡ್ರಿ" ಎಂದರು.